ಜೆಸಿಬಿ ಬರುವ ಮೊದಲು ಒಂದು ಪ್ರಶ್ನೆ

ನಮಸ್ಕಾರ. ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರು ಒಮ್ಮೆ ನಿಮ್ಮ ಆಸ್ತಿ ತೆರಿಗೆಯ ಲೆಕ್ಕ ನೋಡಿ. ತೆರಿಗೆಯ ಮೇಲೆ ಸೆಸ್ ಹಾಕಿರುತ್ತಾರೆ. ಅದರಲ್ಲಿ ಆರೋಗ್ಯಕ್ಕೊಂದು ಪಾಲು, ಗ್ರಂಥಾಲಯಕ್ಕೊಂದು ಪಾಲು. ಜೊತೆಗೆ ಶೇ 3ರಷ್ಟು ಭಿಕ್ಷುಕರ ಸೆಸ್. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು ಅದು. ಬೀದಿಯಲ್ಲಿ ಬದುಕುವವರ ಹೆಸರಲ್ಲಿ ಈ ಊರು ಇಷ್ಟು ವರ್ಷಗಳಿಂದ ನಮ್ಮಿಂದ ದುಡ್ಡು ತೆಗೆದುಕೊಳ್ಳುತ್ತಿದೆ. ಹಾಗೆ ಎತ್ತಿದ ಹಣವನ್ನು ಪಾಲಿಕೆ ಸೇರಬೇಕಾದ ಕಡೆಗೆ ಪೂರ್ತಿ ದಾಟಿಸಿಲ್ಲ, ಬಾಕಿ ನೂರಾರು ಕೋಟಿ ಇದೆ ಅನ್ನುವ ಸುದ್ದಿಯೂ ವರ್ಷಗಳಿಂದ ಬರುತ್ತಲೇ ಇದೆ.

ಈಗ ರಸ್ತೆಗೆ ಬನ್ನಿ. ಫ್ಲೈಓವರ್ ಕೆಳಗೆ, ರೈಲ್ವೆ ಗೋಡೆಯ ಪಕ್ಕ, ಮಳೆನೀರು ಹರಿಯುವ ರಾಜಕಾಲುವೆಯ ದಂಡೆಯಲ್ಲಿ ನೀಲಿ ಟಾರ್ಪಾಲ್ ಹೊದಿಸಿದ ಗುಡಿಸಲುಗಳು. ಅಕ್ಕಪಕ್ಕದವರು ದೂರು ಕೊಡುತ್ತಾರೆ. ಒಂದು ಬೆಳಿಗ್ಗೆ ಜೆಸಿಬಿ ಬರುತ್ತದೆ, ಜೊತೆಗೆ ಪೊಲೀಸರು. ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ, ಆಧಾರ್ ಕಾರ್ಡ್ ಇಟ್ಟಿದ್ದ ಟ್ರಂಕು ಎಲ್ಲ ಮಣ್ಣು ಪಾಲು. ಪತ್ರಿಕೆಯಲ್ಲಿ 'ಒತ್ತುವರಿ ತೆರವು' ಅಂತ ಫೋಟೋ. ಕೆಲವೇ ದಿನಕ್ಕೆ ಅದೇ ಜನ ಸ್ವಲ್ಪ ದೂರದ ಇನ್ನೊಂದು ಖಾಲಿ ಜಾಗದಲ್ಲಿ ಗೂಟ ಹೊಡೆಯುತ್ತಿರುತ್ತಾರೆ. ಯಾಕೆಂದರೆ ಅವರ ಕೆಲಸ ಇರುವುದು ಇಲ್ಲೇ.

ಅವರು ಯಾರು ಅಂತ ಕೇಳಿದ್ದೀರಾ? ಎಷ್ಟೋ ಜನ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಮಳೆ ಕೈಕೊಟ್ಟಾಗ, ಹೊಲದ ಕೆಲಸ ಮುಗಿದಾಗ ಗುಳೆ ಬಂದವರು. ಗಾರೆ ಕೆಲಸ, ಕಬ್ಬಿಣ ಕಟ್ಟುವ ಕೆಲಸ, ಕೇಬಲ್ ಹಾಕಲು ಗುಂಡಿ ತೋಡುವ ಕೆಲಸ ಮಾಡುವವರು. ನಮ್ಮ ಅಪಾರ್ಟ್‌ಮೆಂಟಿನ ಗೋಡೆ ಎತ್ತಿದವರು ಇವರೇ. ಗೋಡೆ ಎದ್ದ ಮೇಲೆ ಅದರ ಆಚೆ ಇವರ ಗುಡಿಸಲು ಇರಬಾರದು ಅಂತ ನಾವೇ ದೂರು ಬರೆಯುತ್ತೇವೆ. ನನಗೆ ಇದು ತುಂಬಾ ನೋವು ಕೊಡುವ ವಿಷಯ.

ಇಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಕಾನೂನು ಇತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ. 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಹಳೆಯ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಕೆಲಸ ಮುಗಿಯುವ ತನಕ ಕಾರ್ಮಿಕರಿಗೆ ತಾತ್ಕಾಲಿಕ ವಸತಿ ಕೊಡುವುದು ಕೆಲಸ ಕೊಟ್ಟವರ ಜವಾಬ್ದಾರಿಯಾಗಿತ್ತು. ಅದೂ ಬಾಡಿಗೆ ಇಲ್ಲದೆ, ಕೆಲಸದ ಜಾಗದಲ್ಲೇ ಅಥವಾ ಅದರ ಹತ್ತಿರ. ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು ಜಾಗ ಮತ್ತು ಶೌಚಾಲಯ ಸಮೇತ. ಹೊಸ ಸಂಹಿತೆಯಲ್ಲೂ ಬಾಡಿಗೆ ಇಲ್ಲದ ವಸತಿಯ ಮಾತು ಇದೆ. ಕಟ್ಟಡದ ಖರ್ಚಿನ ಮೇಲೆ ಶೇ 1ರಷ್ಟು ಸೆಸ್ ಬೇರೆ ವಸೂಲಾಗುತ್ತದೆ. ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೀಗೆ ಬಂದದ್ದು ಸಾವಿರಾರು ಕೋಟಿ. ಹಾಗಾಗಿ ಕಟ್ಟಡ ಕಾರ್ಮಿಕರು ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿದ್ದಾರೆ ಅಂದರೆ, ಕಾನೂನು ಮುರಿದವರು ಮೊದಲು ಯಾರು? ಮೊದಲ ನೋಟಿಸ್ ಹೋಗಬೇಕಾದದ್ದು ಕಂಟ್ರಾಕ್ಟರ್‌ಗೆ, ಬಿಲ್ಡರ್‌ಗೆ. ಅಂಥ ನೋಟಿಸಿನ ಫೋಟೋ ನೀವು ಯಾವತ್ತಾದರೂ ಪತ್ರಿಕೆಯಲ್ಲಿ ನೋಡಿದ್ದೀರಾ?

ನಗರಕ್ಕೆ ಗೊತ್ತಿರುವ ಇನ್ನೊಂದು ದಾರಿ ವ್ಯಾನ್. ಮಲಗಿದ್ದವರನ್ನು ಎತ್ತಿ ಹಾಕಿಕೊಂಡು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಬಿಡುವುದು. ನಾವು ಬೆಗ್ಗರ್ಸ್ ಕಾಲೊನಿ ಅಂತ ಕರೆಯುವ ಜಾಗ ಅದೇ. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಒಳಗೆ ಜನ ತುಂಬಿ ತುಳುಕುತ್ತಿದ್ದರು. ಭಿಕ್ಷೆಯನ್ನೇ ಬೇಡದ, ಕೂಲಿ ಮುಗಿಸಿ ಫುಟ್‌ಪಾತ್‌ನಲ್ಲಿ ಮಲಗಿದ್ದವರೂ ಅಲ್ಲಿದ್ದರು ಅಂತ ಆಗ ಬೆಳಕಿಗೆ ಬಂತು. ಸಮಾಜ ಕಲ್ಯಾಣ ಸಚಿವರು ಹುದ್ದೆ ಬಿಡಬೇಕಾಯಿತು. ಆ ಆಗಸ್ಟನ್ನು ಈ ಊರು ಎಷ್ಟು ಬೇಗ ಮರೆಯಿತು ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ಕೋರ್ಟು ಕಾಪಾಡುತ್ತದೆ ಅಂತ ಕೆಲವರು ನಂಬಿದ್ದಾರೆ. ಪೂರ್ತಿ ನಿಜವಲ್ಲ. 1981ರ ಮಳೆಗಾಲದಲ್ಲಿ ಬೊಂಬಾಯಿಯ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಿ ಅವರವರ ಊರಿಗೆ ಅಟ್ಟುವುದಾಗಿ ಅಲ್ಲಿನ ಮುಖ್ಯಮಂತ್ರಿ ಎ.ಆರ್. ಅಂತುಳೆ ಹೇಳಿದರು. ಓಲ್ಗಾ ಟೆಲಿಸ್ ಅನ್ನುವ ಪತ್ರಕರ್ತೆ ಮತ್ತು ಇತರರು ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ಬಂದ ತೀರ್ಪು ದೊಡ್ಡ ಮಾತು ಹೇಳಿತು: ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ. ಆದರೆ ಫುಟ್‌ಪಾತ್‌ನಲ್ಲಿ ಗುಡಿಸಲು ಉಳಿಸಿಕೊಳ್ಳುವ ಹಕ್ಕು ಇಲ್ಲ ಎಂದೂ ಹೇಳಿತು. ಮಳೆಗಾಲ ಕಳೆಯಲಿ ಅಂತ ಅಕ್ಟೋಬರ್ 31ರವರೆಗೆ ಸಮಯ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಬುಲ್ಡೋಜರ್ ವಿರುದ್ಧ ಬಂದ ತೀರ್ಪು ನೋಡಿ. ಮನೆ ಕೆಡವುವ ಮೊದಲು 15 ದಿನದ ನೋಟಿಸ್ ಕೊಡಬೇಕು ಅಂತ ಇದೆ. ಆದರೆ ರಸ್ತೆ, ಫುಟ್‌ಪಾತ್, ರೈಲ್ವೆ ಹಳಿ ಪಕ್ಕ, ಕೆರೆ ನದಿ ಜಾಗದ ಅಕ್ರಮ ಕಟ್ಟಡಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಯಾರಿಗೆ ಅದು ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರೇ ಹೊರಗೆ ಉಳಿದರು.

ಫುಟ್‌ಪಾತ್ ನಡೆಯುವವರದ್ದು, ಅಲ್ವಾ? ಖಂಡಿತ. ಗಾಲಿಕುರ್ಚಿಯಲ್ಲಿ ಹೋಗುವವರು, ಶಾಲೆಗೆ ಹೋಗುವ ಮಕ್ಕಳು ರಸ್ತೆಗೆ ಇಳಿಯಬೇಕಾಗಿ ಬಂದರೆ ಅದೂ ಅನ್ಯಾಯ. ರಾಜಕಾಲುವೆ ಪಕ್ಕ ಮಲಗಿದ ಮಗುವಿಗೆ ಒಂದು ರಾತ್ರಿಯ ಮಳೆ ಸಾಕು. ಅವರು ಅಲ್ಲೇ ಇರಲಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿರುವುದು ಅವರಿಗೂ ಬೇಡ. ನಾನು ಕೇಳುತ್ತಿರುವುದು ಕ್ರಮದ ಬಗ್ಗೆ: ಜಾಗ ಮೊದಲು ತೋರಿಸಿ, ಜೆಸಿಬಿ ಆಮೇಲೆ.

ಜಾಗ ತೋರಿಸಲು ಆದೇಶಕ್ಕೇನೂ ಕೊರತೆ ಇಲ್ಲ. ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕು, ವರ್ಷವಿಡೀ, ದಿನದ 24 ಗಂಟೆ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ 84 ಲಕ್ಷ ಜನ. ಆ ಹಳೆಯ ಲೆಕ್ಕಕ್ಕೇ 84 ಕೇಂದ್ರ ಬೇಕಿತ್ತು. ಅಷ್ಟನ್ನೂ ನಾವು ಕಟ್ಟಲಿಲ್ಲ. ಇರುವವುಗಳಲ್ಲೂ ಹೆಚ್ಚಿನವು ಒಂಟಿ ಗಂಡಸರಿಗೆ. ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬಳು ಅಜ್ಜಿ ಇರುವ ಕುಟುಂಬ ಎಲ್ಲಿಗೆ ಹೋಗಬೇಕು? ಬೇರೆ ಬೇರೆ ಮಲಗಿ ಅಂದರೆ ಯಾರು ಒಪ್ಪುತ್ತಾರೆ? ಅವರು ಗುಡಿಸಲೇ ಸಾಕು ಅನ್ನುತ್ತಾರೆ. ಆಗ ನಾವು 'ಕೊಟ್ಟರೂ ಬರುವುದಿಲ್ಲ' ಅಂತ ಹೇಳಿ ಕೈ ತೊಳೆದುಕೊಳ್ಳುತ್ತೇವೆ.

ಕೆಲವು ಸಲ ನಗರವೇ ಜನರನ್ನು ಬೀದಿಗೆ ತಂದಿದೆ. ಕೋರಮಂಗಲದ ಪಕ್ಕದ ಈಜಿಪುರದ ಬಡವರ ಕ್ವಾರ್ಟರ್ಸ್ ನೆನಪಿರಬೇಕು. ಪಾಲಿಕೆ ಕಟ್ಟಿಸಿದ್ದ ಸುಮಾರು 1,500 ಮನೆಗಳು. 2007ರಲ್ಲಿ ಕಟ್ಟಡ ಕುಸಿಯಿತು. ಜನ ಅಲ್ಲೇ ಶೆಡ್‌ಗಳಲ್ಲಿ ಉಳಿದರು. 2013ರ ಜನವರಿಯ ಚಳಿಯಲ್ಲಿ ಪೊಲೀಸ್ ಕಾವಲಿನಲ್ಲಿ ಆ ಶೆಡ್‌ಗಳನ್ನೂ ನೆಲಸಮ ಮಾಡಿದರು. ಆ ಸಾರ್ವಜನಿಕ ಜಾಗದ ಒಂದು ಭಾಗದಲ್ಲಿ ಮಾಲ್ ಬರಬೇಕಿತ್ತು. ಹೊರಹಾಕಿಸಿಕೊಂಡ ಎಷ್ಟೋ ಕುಟುಂಬಗಳು ಅದೇ ಕಾಂಪೌಂಡ್ ಪಕ್ಕದ ಫುಟ್‌ಪಾತ್‌ನಲ್ಲಿ ಬಹಳ ಕಾಲ ಬದುಕಿದವು. ಕೆಲವರನ್ನು ಊರಾಚೆ ಸೂಲಿಕುಂಟೆಗೆ ಕಳಿಸಿದರು. ಕೋರಮಂಗಲದ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿಗೆ ಅಲ್ಲಿಂದ ಬೆಳಿಗ್ಗೆ ಆರಕ್ಕೆ ಬಂದು ತಲುಪಲು ಆಗುತ್ತದಾ?

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳು. ಹೊಸ ಕಮಿಷನರ್‌ಗಳು, ಹೊಸ ಬಜೆಟ್. ತಮ್ಮ ವ್ಯಾಪ್ತಿಯಲ್ಲಿ ಎಷ್ಟು ಕುಟುಂಬ ಹೊರಗೆ ಮಲಗುತ್ತವೆ ಅನ್ನುವ ಪಟ್ಟಿಯನ್ನು ಪ್ರತಿ ಪಾಲಿಕೆಯೂ ರಾತ್ರಿ ಹೊತ್ತು ಹೋಗಿ ಮಾಡಲಿ. ಕುಟುಂಬಗಳಿಗೆ ಕೇಂದ್ರ ತೆರೆಯಲಿ, ಕೆಲಸ ಸಿಗುವ ಕಡೆಯೇ ತೆರೆಯಲಿ. ಭಿಕ್ಷುಕರ ಸೆಸ್ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಅಂತ ವೆಬ್‌ಸೈಟಿನಲ್ಲಿ ಹಾಕಲಿ.

ನಿಮ್ಮಲ್ಲೂ ಒಂದು ವಿನಂತಿ. ಗುಡಿಸಲು ತೆಗೆಸಿ ಅಂತ ನಿಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ದೂರು ತಯಾರಾಗುತ್ತಿದ್ದರೆ ಅದರಲ್ಲಿ ಎರಡು ಸಾಲು ಸೇರಿಸಿ. ಇವರಿಗೆ ಕೆಲಸ ಕೊಟ್ಟ ಕಂಟ್ರಾಕ್ಟರ್ ಯಾರು, ಅವರಿಗೆ ನೋಟಿಸ್ ಹೋಗಿದೆಯಾ? ಇವರನ್ನು ಎಬ್ಬಿಸಿದ ರಾತ್ರಿ ಇವರು ಮಲಗುವ ಜಾಗದ ವಿಳಾಸ ಏನು? ಉತ್ತರ ಬರವಣಿಗೆಯಲ್ಲಿ ಕೇಳಿ. ಉತ್ತರ ಬರುವ ತನಕ ಜೆಸಿಬಿ ಬೇಡ ಅಂತಲೂ ಬರೆಯಿರಿ.