ಜುಲೈ ತಿಂಗಳ ಕೋಚ್: ವ್ಲಾದಿಮೀರ್ ವೈಸ್

ಕೇಳುಗರಿಗೆ ನಮಸ್ಕಾರ.

ಸ್ಲೊವಾಕಿಯಾದ ಫುಟ್ಬಾಲಿನ ಮಾತು ತೆಗೆದರೆ ಮೊದಲು ಒಂದು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಅಲ್ಲಿ ವ್ಲಾದಿಮೀರ್ ವೈಸ್ ಎಂಬ ಆಟಗಾರರು ಮೂವರು: ಅಪ್ಪ, ಮಗ, ಮೊಮ್ಮಗ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದುಂಟು. ಆ ಮನೆಯವರು ನಡುವಿನವನನ್ನೂ ಬಿಡಲಿಲ್ಲ. ಹಿರಿಯ ವೈಸ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಚೆಕೊಸ್ಲೊವಾಕಿಯಾ ತಂಡದಲ್ಲಿದ್ದರು. ಹಂಗೆರಿ ಎದುರಿನ ಆ ಫೈನಲ್ 1-2ರಲ್ಲಿ ಕೈತಪ್ಪಿತು. ಹಂಗೆರಿಯ ಖಾತೆಗೆ ಬಿದ್ದ ಮೊದಲ ಗೋಲು ವೈಸ್ ಅವರದೇ ಉಡುಗೊರೆ ಗೋಲು, ಅಂದರೆ ಚೆಂಡನ್ನು ತಮ್ಮದೇ ತಂಡದ ಗೋಲಿಗೆ ಹಾಕಿದ್ದು. ಮನೆಯಲ್ಲಿ ಆಗ ಒಂದು ತಿಂಗಳ ಕೂಸು. ಆ ಕೂಸೇ ನಮ್ಮ ಇವತ್ತಿನ ವಿಷಯ, ನಡುವಿನ ವ್ಲಾದಿಮೀರ್ ವೈಸ್. ಉಡುಗೊರೆ ಗೋಲಿನ ಮಾತು ನೆನಪಿರಲಿ, ಅದಕ್ಕೆ ಮತ್ತೆ ಬರೋಣ.

ವೈಸ್ ಮಿಡ್‌ಫೀಲ್ಡರ್. ಬ್ರಾಟಿಸ್ಲಾವಾದ ಇಂಟರ್ ಕ್ಲಬ್ಬಿನಲ್ಲಿ ಹೆಸರು ಮಾಡಿ, 1990ರ ಇಟಲಿ ವಿಶ್ವಕಪ್‌ನಲ್ಲಿ ಎಂಟರ ಘಟ್ಟ ಮುಟ್ಟಿದ ಚೆಕೊಸ್ಲೊವಾಕಿಯಾ ತಂಡದಲ್ಲಿದ್ದವರು. 1993ರಲ್ಲಿ ದೇಶ ಎರಡಾದ ಮೇಲೆ ಸ್ಲೊವಾಕಿಯಾ ಪರವಾಗಿಯೂ ಆಡಿದರು. ಕೊನೆಗೆ ಡ್ಯಾನ್ಯೂಬ್ ನದಿಯ ಬಲದಂಡೆಯ ಪೆಟ್ರ್ಜಾಲ್ಕಾಕ್ಕೆ ಬಂದು, ಅಲ್ಲಿನ ಆರ್ಟ್‌ಮೀಡಿಯಾ ಕ್ಲಬ್ಬಿನಲ್ಲಿ ಬೂಟು ಬಿಚ್ಚಿ, 2000ದಲ್ಲಿ ಅಲ್ಲಿಯೇ ಕೋಚ್ ಆದರು. ಪೆಟ್ರ್ಜಾಲ್ಕಾ ಅಂದರೆ ಸಾಲುಸಾಲು ಕಾಂಕ್ರೀಟ್ ವಸತಿ ಕಟ್ಟಡಗಳ ಬಡಾವಣೆ. ನಗರದ ದೊಡ್ಡ ಕ್ಲಬ್ ಸ್ಲೊವಾನ್ ಇರುವುದು ನದಿಯ ಆಚೆ ದಂಡೆಯಲ್ಲಿ.

ಸ್ಲೊವಾಕಿಯಾದ ಜನಸಂಖ್ಯೆ ಸುಮಾರು 54 ಲಕ್ಷ. ನಮ್ಮ ಬೆಂಗಳೂರು ಒಂದೇ ಅದಕ್ಕಿಂತ ದೊಡ್ಡದು. ಇಂಥ ದೇಶದ ಕೋಚ್‌ನ ಪರೀಕ್ಷೆ ನಡೆಯುವುದು ಜುಲೈ, ಆಗಸ್ಟ್ ತಿಂಗಳಲ್ಲಿ. ಸ್ಪೇನ್, ಇಂಗ್ಲೆಂಡ್, ಇಟಲಿಯ ಚಾಂಪಿಯನ್ನರಿಗೆ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತದಲ್ಲಿ ನೇರ ಜಾಗ ಇದೆ. ಸ್ಲೊವಾಕಿಯಾದ ಚಾಂಪಿಯನ್ ಅರ್ಹತಾ ಸುತ್ತುಗಳ ಮೆಟ್ಟಿಲು ಹತ್ತಿ ಬರಬೇಕು. 2005ರಲ್ಲಿ ಮೂರು ಸುತ್ತು, ಸುತ್ತಿಗೆ ಎರಡು ಪಂದ್ಯ, ಒಂದು ತವರಿನಲ್ಲಿ, ಇನ್ನೊಂದು ಎದುರಾಳಿಯ ನೆಲದಲ್ಲಿ. 2024ರ ಹೊತ್ತಿಗೆ ಅದು ನಾಲ್ಕು ಸುತ್ತು, ಎಂಟು ಪಂದ್ಯ. ದೊಡ್ಡ ದೇಶಗಳ ಆಟಗಾರರು ಇನ್ನೂ ಅಭ್ಯಾಸ ಪಂದ್ಯ ಆಡಿಕೊಂಡಿರುವಾಗ ಇವರು ಮೈ ಹದ ಮಾಡಿಕೊಂಡು ನಿಂತಿರಬೇಕು. ಆಟಗಾರರ ಖರೀದಿಯ ಸಂತೆಯೂ ಅದೇ ವೇಳೆಗೆ. ಒಳ್ಳೆಯ ಬ್ಯಾಕ್ ಒಬ್ಬನನ್ನು ಯಾರೋ ಕೊಂಡುಕೊಂಡರೆ ಬದಲಿಗೆ ಬಂದವನನ್ನು ಪಳಗಿಸಲು ಪುರುಸೊತ್ತು ಸಿಗುವುದಿಲ್ಲ.

2005ರಲ್ಲಿ ಆರ್ಟ್‌ಮೀಡಿಯಾ ಮೊದಲ ಸಲ ದೇಶದ ಚಾಂಪಿಯನ್ ಆಯಿತು. ಜುಲೈನಲ್ಲಿ ಮೊದಲ ಎದುರಾಳಿ ಕಜಕಸ್ತಾನದ ಕೈರಾತ್, ಊರು ಅಲ್ಮಾಟಿ. ನಕ್ಷೆ ತೆಗೆದು ನೋಡಿ: ಬೆಂಗಳೂರಿನಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ ಗೆರೆ ಎಳೆದರೆ ದೆಹಲಿ ದಾಟಿ, ಹಿಮಾಲಯ ದಾಟಿ ಸಿಗುವ ಊರು ಅದು. ಬ್ರಾಟಿಸ್ಲಾವಾದಿಂದ ನಾಲ್ಕೂವರೆ ಸಾವಿರ ಕಿಲೋಮೀಟರ್ ಮೇಲೆ. ಅಲ್ಲಿ ಆರ್ಟ್‌ಮೀಡಿಯಾ 0-2ರಲ್ಲಿ ಸೋತು ಬಂತು.

ಮರುಪಂದ್ಯದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎರಡೂ ಪಂದ್ಯ ಕೂಡಿಸಿ ಗೋಲು ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ ಹೋಗಬೇಕು ಎಂಬುದು ಆಗಿನ ನಿಯಮ. 2021ರಲ್ಲಿ ಇದನ್ನು ತೆಗೆದುಹಾಕಿದರು. ತವರಿನಲ್ಲಿ 90 ನಿಮಿಷಕ್ಕೆ ಆರ್ಟ್‌ಮೀಡಿಯಾ 2-0 ಮಾಡಿತು, ಒಟ್ಟು ಲೆಕ್ಕ 2-2. ಹೆಚ್ಚುವರಿ ಅರ್ಧ ಗಂಟೆಗೆ ಆಟ ಹೋಯಿತು. ಅಲ್ಲಿ ಕೈರಾತ್ ಒಂದು ಗೋಲು ಹೊಡೆಯಿತು. ಹೆಚ್ಚುವರಿ ಸಮಯದ ಗೋಲಿಗೂ ಅದೇ ನಿಯಮ ಅನ್ವಯ. ಅಂದರೆ ಆರ್ಟ್‌ಮೀಡಿಯಾ ಒಂದು ಹೊಡೆದು 3-1 ಮಾಡಿದರೂ ಒಟ್ಟು 3-3 ಆಗಿ ಮನೆಗೆ ಹೋಗಬೇಕು. ಇನ್ನೂ ಒಂದು ಬೇಕು. ಹೊಡೆದರು. 4-1, ಒಟ್ಟು 4-3. ಆ ಕೊನೆಯ ಒಂದು ಗೋಲು ಬೀಳದಿದ್ದರೆ ಮುಂದಿನ ಕಥೆ ಯಾವುದೂ ಇಲ್ಲ.

ಎರಡನೇ ಸುತ್ತಿಗೆ ಸ್ಕಾಟ್ಲೆಂಡಿನ ಸೆಲ್ಟಿಕ್, ಎರಡೇ ವರ್ಷದ ಹಿಂದೆ ಯುಇಎಫ್‌ಎ ಕಪ್ ಫೈನಲ್ ಆಡಿದ್ದ ಕ್ಲಬ್. ಜುಲೈ 27, ಬ್ರಾಟಿಸ್ಲಾವಾ: ಆರ್ಟ್‌ಮೀಡಿಯಾ 5, ಸೆಲ್ಟಿಕ್ 0. ಯುರಾಯ್ ಹಲೆನಾರ್ ಒಬ್ಬರದೇ ಮೂರು. ಇದನ್ನು ಪವಾಡ ಎಂದು ಬರೆದವರು ಕ್ಯಾಲೆಂಡರ್ ನೋಡಲಿಲ್ಲ. ಸೆಲ್ಟಿಕ್‌ಗೆ ಹೊಸ ಕೋಚ್ ಗೋರ್ಡನ್ ಸ್ಟ್ರಾಕನ್. ಅವರ ಕೈಕೆಳಗೆ ಇದು ಮೊತ್ತಮೊದಲ ಅಧಿಕೃತ ಪಂದ್ಯ, ಸ್ಕಾಟಿಷ್ ಲೀಗ್ ಇನ್ನೂ ಶುರುವಾಗಿರಲಿಲ್ಲ. ವೈಸ್ ಹುಡುಗರು ಆಗಲೇ ಕೈರಾತ್ ಜೊತೆ 210 ನಿಮಿಷ ಜೀವ ತೇಯ್ದು ಬಂದಿದ್ದರು. ಚಿಕ್ಕ ದೇಶದವರನ್ನು ಕಾಡುವ ಆ ಅರ್ಹತಾ ಸುತ್ತು ಒಂದೊಂದು ಸಲ ಸಾಣೆಕಲ್ಲಿನ ಕೆಲಸವನ್ನೂ ಮಾಡುತ್ತದೆ. ಒಂದು ವಾರ ಕಳೆದು ಗ್ಲಾಸ್ಗೋದಲ್ಲಿ ಸೆಲ್ಟಿಕ್ 4-0ಯಲ್ಲಿ ಗೆದ್ದಿತು. ಮತ್ತೆ ಒಂದೇ ಗೋಲಿನ ಅಂತರ. ಮೂರನೇ ಸುತ್ತಿನಲ್ಲಿ ಪಾರ್ಟಿಜಾನ್ ಬೆಲ್‌ಗ್ರೇಡ್ ಎದುರು ಎರಡೂ ಪಂದ್ಯ 0-0, ಪೆನಾಲ್ಟಿಯಲ್ಲಿ ಪಾರು.

ಮುಖ್ಯ ಹಂತದ ಗುಂಪಿನಲ್ಲಿ ಎದುರಾಳಿಗಳು ಇಂಟರ್ ಮಿಲಾನ್, ಪೋರ್ಟೊ, ರೇಂಜರ್ಸ್. ಪೋರ್ಟೊ ಒಂದು ವರ್ಷದ ಹಿಂದಷ್ಟೇ ಯುರೋಪಿನ ಚಾಂಪಿಯನ್. ಸೆಪ್ಟೆಂಬರ್ 28ರಂದು ಅವರದೇ ಅಂಗಳದಲ್ಲಿ 0-2 ಹಿಂದಿದ್ದ ಆರ್ಟ್‌ಮೀಡಿಯಾ 3-2ರಲ್ಲಿ ಗೆದ್ದಿತು. ಪೆಟ್ರಾಶ್, ಕೊಜಾಕ್, ಬೋರ್ಬೆಯ್ ಒಂದೊಂದು. ಈ ಕೊಜಾಕ್‌ನ ಅಪ್ಪನ ಹೆಸರೂ ಯಾನ್ ಕೊಜಾಕ್. ಅವರೂ ಮಿಡ್‌ಫೀಲ್ಡರ್, 1980ರ ಯುರೋದಲ್ಲಿ, ಅಂದರೆ ಯುರೋಪಿನ ದೇಶಗಳ ಕಪ್‌ನಲ್ಲಿ, ಕಂಚು ಗೆದ್ದ ತಂಡದವರು. ಮುಂದೆ ಕೋಚ್ ಆಗಿ ಸ್ಲೊವಾಕಿಯಾವನ್ನು 2016ರ ಯುರೋಗೆ ಕರೆದೊಯ್ದರು. ಹೆಸರಿನ ವಿಷಯದಲ್ಲಿ ಆ ದೇಶದವರಿಗೆ ಜಿಪುಣತನ ಇರಬೇಕು.

ಡಿಸೆಂಬರ್ 6, ಗುಂಪಿನ ಕೊನೆಯ ರಾತ್ರಿ. ಆರ್ಟ್‌ಮೀಡಿಯಾಕ್ಕೆ ತವರಿನಲ್ಲಿ ಪೋರ್ಟೊ. ಗೆದ್ದರೆ ಎಂಟು ಅಂಕ. ಅತ್ತ ರೇಂಜರ್ಸ್ ಇಂಟರ್ ಮಿಲಾನ್ ಜೊತೆ 1-1 ಮಾಡಿಕೊಂಡು ಏಳಕ್ಕೆ ನಿಂತಿತು. ಒಂದು ಗೋಲು ಬಿದ್ದಿದ್ದರೆ ಬಡಾವಣೆಯ ಕ್ಲಬ್ಬು ಹದಿನಾರರ ಘಟ್ಟದಲ್ಲಿ. ಬೀಳಲಿಲ್ಲ, 0-0. ಆರು ಅಂಕ, ಮೂರನೇ ಸ್ಥಾನ. ಜುಲೈನಿಂದ ಒಂದೊಂದು ಗೋಲಿನಲ್ಲಿ ಉಳಿಯುತ್ತ ಬಂದ ತಂಡ ಒಂದು ಗೋಲಿನಲ್ಲೇ ಹೊರಗುಳಿಯಿತು.

ಆಮೇಲೆ ಆಗುವುದು ಆಯಿತು. ಬೋರ್ಬೆಯ್ ಜರ್ಮನಿಗೆ ಹೋದರು, ಡಿಫೆಂಡರ್ ಯಾನ್ ಜ್ಯುರಿತ್ಸಾ ರಷ್ಯಾದ ಸಾಟರ್ನ್ ಕ್ಲಬ್ಬಿಗೆ ಹೋದರು. ವೈಸ್ ಕೂಡ ಅಲ್ಲಿಗೇ ಕೋಚ್ ಆಗಿ ಹೋಗಿ, ಮರಳಿ ಬಂದು 2008ರಲ್ಲಿ ಆರ್ಟ್‌ಮೀಡಿಯಾಕ್ಕೆ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುಕೊಟ್ಟರು. ಅದೇ ವರ್ಷ ರಾಷ್ಟ್ರೀಯ ತಂಡದ ಕರೆ ಬಂತು. 2010ರ ಬೇಸಿಗೆಗೆ ಪೆಟ್ರ್ಜಾಲ್ಕಾ ಕ್ಲಬ್ ಮೇಲಿನ ಡಿವಿಜನ್‌ನಿಂದಲೇ ಕೆಳಗೆ ಬಿದ್ದಿತ್ತು.

ಈಗ ಉಡುಗೊರೆ ಗೋಲು. 2010ರ ವಿಶ್ವಕಪ್ ಅರ್ಹತೆಯ ಗುಂಪಿನಲ್ಲಿ ವೈಸ್ ತಂಡ ಪ್ರಾಗ್‌ನಲ್ಲಿ ಚೆಕ್ ಗಣರಾಜ್ಯವನ್ನೇ 2-1ರಲ್ಲಿ ಸೋಲಿಸಿ ಮುಂದಿತ್ತು. ಕೊನೆಯ ವಾರದಲ್ಲಿ ತವರಿನಲ್ಲೇ ಸ್ಲೊವೇನಿಯಾಕ್ಕೆ 0-2ರಲ್ಲಿ ಸೋತು ಕುತ್ತಿಗೆಗೆ ತಂದುಕೊಂಡಿತು. ನಾಲ್ಕು ದಿನ ಬಿಟ್ಟು, ಅಕ್ಟೋಬರ್ 14, 2009, ಪೋಲೆಂಡಿನ ಖೊಝೂಫ್. ಎಡೆಬಿಡದ ಹಿಮ. ಮೂರನೇ ನಿಮಿಷದಲ್ಲಿ ಪೋಲೆಂಡಿನ ಗಂಟ್ಸಾರ್ಚಿಕ್ ತಮ್ಮದೇ ಗೋಲಿಗೆ ಚೆಂಡು ಹಾಕಿದರು. ಉಳಿದ ಎಂಬತ್ತೇಳು ನಿಮಿಷ ಅದನ್ನು ಕಾಯ್ದುಕೊಂಡದ್ದೇ ಸ್ಲೊವಾಕಿಯಾದ ಆಟ. 1-0. 22 ಅಂಕ, ಸ್ಲೊವೇನಿಯಾಕ್ಕೆ 20. ಸ್ವತಂತ್ರ ಸ್ಲೊವಾಕಿಯಾಕ್ಕೆ ಮೊದಲ ವಿಶ್ವಕಪ್. ಅಪ್ಪನಿಂದ ಟೋಕಿಯೊದಲ್ಲಿ ಕಿತ್ತುಕೊಂಡದ್ದನ್ನು ಮಗನಿಗೆ ಬಡ್ಡಿ ಸಮೇತ ಕೊಟ್ಟ ಹಾಗೆ.

ದಕ್ಷಿಣ ಆಫ್ರಿಕಾದಲ್ಲಿ ನಾಯಕ ಮರೇಕ್ ಹಮ್ಶೀಕ್, ವಯಸ್ಸು 22. ನಪೋಲಿ ಪರ 121 ಗೋಲು, ದೇಶದ ಪರ 26 ಗೋಲು ಬರೆದ ಮಿಡ್‌ಫೀಲ್ಡರ್ ಮುಂದೆ ಅವರೇ. ಮೊದಲ ಪಂದ್ಯದಲ್ಲಿ ನ್ಯೂಜಿಲೆಂಡ್ ಕೊನೆಯ ಗಳಿಗೆಯಲ್ಲಿ 1-1 ಮಾಡಿತು. ಪರಗ್ವೆ ಎದುರು 0-2 ಸೋಲು. ಜೂನ್ 24ರಂದು ಹಾಲಿ ಚಾಂಪಿಯನ್ ಇಟಲಿ, ಗೆಲ್ಲಲೇಬೇಕು. ಮೊದಲ ಪಂದ್ಯಕ್ಕೆ ಇಳಿಸಿದ್ದ ಸ್ವಂತ ಮಗನನ್ನು ವೈಸ್ ಈ ಪಂದ್ಯದ ಆರಂಭದ ಹನ್ನೊಂದರಲ್ಲಿ ಇಡಲಿಲ್ಲ. ರೋಬರ್ಟ್ ವಿಟ್ಟೆಕ್ ಎರಡು ಗೋಲು ಹೊಡೆದರು, ಇಟಲಿ 81ನೇ ನಿಮಿಷದಲ್ಲಿ ಒಂದು ತೀರಿಸಿತು. 87ನೇ ನಿಮಿಷದಲ್ಲಿ ಕಮಿಲ್ ಕೊಪೂನೆಕ್ ಒಳಗೆ ಬಂದರು. ಎರಡು ನಿಮಿಷಕ್ಕೆ ಬಲಬದಿಯಿಂದ ಪೆಕಾರಿಕ್ ಉದ್ದನೆಯ ಥ್ರೋ-ಇನ್ ಎಸೆದರು. ಥ್ರೋ-ಇನ್‌ನಿಂದ ನೇರ ಚೆಂಡು ಪಡೆದವನಿಗೆ ಆಫ್‌ಸೈಡ್ ಇಲ್ಲ, ಇದು ಆಟದ ಮೂಲ ನಿಯಮ. ಇಟಲಿಯ ರಕ್ಷಕರು ದಣಿದು ನಿಂತಲ್ಲೇ ನಿಂತಿದ್ದರು. ತಾಜಾ ಕಾಲಿನ ಕೊಪೂನೆಕ್ ಅವರ ನಡುವೆ ನುಗ್ಗಿ, ಚೆಂಡು ಪುಟಿದು ಏಳುತ್ತಿದ್ದಂತೆ ಗೋಲ್‌ಕೀಪರ್ ಮೇಲಿಂದ ದಾಟಿಸಿದರು. ಇಟಲಿ ಮತ್ತೊಂದು ಹೊಡೆದರೂ ಪಂದ್ಯ 3-2ಕ್ಕೆ ಮುಗಿಯಿತು. ಇಟಲಿ ಗುಂಪಿನ ತಳದಲ್ಲಿ ಉಳಿದು ಊರಿಗೆ ಹೋಯಿತು. ಮುಂದಿನ ಸುತ್ತಿನಲ್ಲಿ ನೆದರ್ಲೆಂಡ್ಸ್ 2-1ರಲ್ಲಿ ಸ್ಲೊವಾಕಿಯಾವನ್ನು ನಿಲ್ಲಿಸಿತು.

ಯುರೋ 2012ರ ಅರ್ಹತೆಯಲ್ಲಿ ಇದೇ ತಂಡ ಮಾಸ್ಕೋದಲ್ಲಿ ರಷ್ಯಾವನ್ನು ಸೋಲಿಸಿ, ತವರಿನಲ್ಲಿ ಅರ್ಮೇನಿಯಾಕ್ಕೆ 0-4ರಲ್ಲಿ ಸೋತಿತು. ಗುಂಪಿನಲ್ಲಿ ನಾಲ್ಕನೇ ಸ್ಥಾನ. ನನ್ನ ಅಂದಾಜಿನಲ್ಲಿ ವೈಸ್ ತಂಡಗಳ ದೌರ್ಬಲ್ಯ ಇಲ್ಲಿದೆ: ಕಾಯ್ದು ಕುಳಿತು ಚುಚ್ಚುವ ಆಟ ಬಲಿಷ್ಠರ ಮೇಲೆ ನಡೆಯುತ್ತದೆ, ಎದುರಿನವರೂ ಕಾಯ್ದು ಕುಳಿತರೆ ಬೀಗ ತೆರೆಯುವ ಕೈ ಬೇಕು.

2012ರಿಂದ 2015ರವರೆಗೆ ಅವರು ಕೋಚ್ ಆಗಿದ್ದದ್ದು, ಬೇರೆಲ್ಲೂ ಅಲ್ಲ, ಅಲ್ಮಾಟಿಯ ಕೈರಾತ್‌ಗೆ. ಎರಡು ಕಜಕ್ ಕಪ್ ಗೆದ್ದುಕೊಟ್ಟರು. ಬಳಿಕ ನಾಲ್ಕು ವರ್ಷ ಜಾರ್ಜಿಯಾ ದೇಶದ ತಂಡ. 2018ರ ನೇಷನ್ಸ್ ಲೀಗ್‌ನ ಕೆಳಗಿನ ದರ್ಜೆಯಲ್ಲಿ ಆರು ಪಂದ್ಯಕ್ಕೆ 16 ಅಂಕ. ಆ ಗೆಲುವಿನಿಂದ ಯುರೋ ಪ್ಲೇಆಫ್‌ನ ಬಾಗಿಲು ತೆರೆಯಿತು. 2020ರ ನವೆಂಬರ್‌ನಲ್ಲಿ, ಕೋವಿಡ್ ಕಾಲದ ಖಾಲಿ ತ್ಬಿಲಿಸಿ ಕ್ರೀಡಾಂಗಣದಲ್ಲಿ, ಉತ್ತರ ಮ್ಯಾಸಿಡೋನಿಯಾದ ಪಾಂಡೆವ್ ಹೊಡೆದ ಒಂದೇ ಗೋಲಿಗೆ ಅದು ಮುಚ್ಚಿತು.

2021ರಲ್ಲಿ ನದಿಯಾಚೆಯ ಸ್ಲೊವಾನ್. ಮಗ, ಮೂರನೇ ವೈಸ್, ಅಲ್ಲಿ ಅಪ್ಪನ ಕೈಕೆಳಗೆ ಆಡಿದರು. 2022ರಿಂದ 2025ರವರೆಗೆ ನಾಲ್ಕಕ್ಕೆ ನಾಲ್ಕೂ ಲೀಗ್ ಪ್ರಶಸ್ತಿ. 2024ರಲ್ಲಿ ನಾಲ್ಕು ಅರ್ಹತಾ ಸುತ್ತು ದಾಟಿ ಸ್ಲೊವಾನ್ ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತಕ್ಕೆ ಮೊದಲ ಸಲ ಕಾಲಿಟ್ಟಿತು. ಮೊದಲ ಪಂದ್ಯವೇ ಗ್ಲಾಸ್ಗೋದಲ್ಲಿ ಸೆಲ್ಟಿಕ್ ಎದುರು. ಈ ಸಲ ಜುಲೈ ಅಲ್ಲ, ಸೆಪ್ಟೆಂಬರ್, ಸ್ಕೋರು 1-5. ಎಂಟು ಪಂದ್ಯ, ಎಂಟು ಸೋಲು, ಹೊಡೆದದ್ದು 7, ಹೊಡೆಸಿಕೊಂಡದ್ದು 27. ಹಳೆಯ ಪದ್ಧತಿಯಲ್ಲಿ ಮೂರೇ ಎದುರಾಳಿಗಳು, ಒಬ್ಬೊಬ್ಬರ ಜೊತೆ ಎರಡು ಪಂದ್ಯ. ಮೊದಲ ಪಂದ್ಯದಲ್ಲಿ ಕಂಡದ್ದನ್ನು ಎರಡನೆಯದರಲ್ಲಿ ಬಳಸಬಹುದಿತ್ತು. ಹೊಸ ಪದ್ಧತಿಯಲ್ಲಿ ಎಂಟು ಎದುರಾಳಿಗಳು, ಒಬ್ಬೊಬ್ಬರಿಗೆ ಒಂದೇ ಪಂದ್ಯ. ವೈಸ್‌ರಂಥ ಲೆಕ್ಕಾಚಾರದ ಕೋಚ್‌ಗೆ ಇದು ಮೋಸ. ಹಾಗೆಂದು ಆ ಸೊನ್ನೆಗೆ ಪದ್ಧತಿಯೊಂದೇ ಕಾರಣ ಎನ್ನಲಾಗದು. ಹಳೆಯ ಪದ್ಧತಿಯಲ್ಲೇ ಆಡಿದ ಕೋಶಿತ್ಸೆ 1997ರಲ್ಲಿ, ಝಿಲಿನಾ 2010ರಲ್ಲಿ ಆರಕ್ಕೆ ಆರೂ ಸೋತಿದ್ದವು. ಆ ಹಂತ ತಲುಪಿದ ನಾಲ್ಕು ಸ್ಲೊವಾಕ್ ಕ್ಲಬ್ಬುಗಳಲ್ಲಿ ಅಂಕ ಗಳಿಸಿದ್ದು ಪೆಟ್ರ್ಜಾಲ್ಕಾದ ಹುಡುಗರು ಮಾತ್ರ.

36 ತಂಡಗಳ ಆ ಪಟ್ಟಿಯಲ್ಲಿ ಸ್ಲೊವಾನ್ 35ನೆಯದು. ಅದರ ಕೆಳಗಿದ್ದದ್ದು ಸ್ವಿಟ್ಜರ್ಲೆಂಡಿನ ಯಂಗ್ ಬಾಯ್ಸ್ ಒಂದೇ.

2025ರ ಆಗಸ್ಟ್, ಮತ್ತೆ ಅರ್ಹತಾ ಸುತ್ತು, ಎದುರಾಳಿ ಕೈರಾತ್. ಅಲ್ಮಾಟಿಯಲ್ಲಿ 0-1 ಸೋಲು, ತವರಿನಲ್ಲಿ 1-0 ಗೆಲುವು, ಹೆಚ್ಚುವರಿ ಸಮಯದಲ್ಲೂ ಇತ್ಯರ್ಥವಾಗಲಿಲ್ಲ, ಪೆನಾಲ್ಟಿಯಲ್ಲಿ ಕೈರಾತ್ ಗೆದ್ದಿತು. ಮುಂದಿನ ಸುತ್ತಿನಲ್ಲಿ ಸೆಲ್ಟಿಕ್ಕನ್ನೂ ಪೆನಾಲ್ಟಿಯಲ್ಲಿ ದಾಟಿ ಕೈರಾತ್ ರಿಯಲ್ ಮ್ಯಾಡ್ರಿಡ್ ತಂಡವನ್ನು ಅಲ್ಮಾಟಿಗೆ ಕರೆಸಿಕೊಂಡಿತು. ಸ್ಲೊವಾನ್ ಯುರೋಪಾ ಲೀಗ್‌ನ ಪ್ಲೇಆಫ್‌ಗೆ ಇಳಿಯಿತು. ಅಲ್ಲಿ ಎದುರು ಬಂದದ್ದು ಯಂಗ್ ಬಾಯ್ಸ್, ಗೆದ್ದದ್ದೂ ಯಂಗ್ ಬಾಯ್ಸ್.

ನಮಸ್ಕಾರ.