ಎರಡು ಕಣ್ಣು ಇಡಿ, ಸಾಕು

ಕೇಳುಗರಿಗೆ ನಮಸ್ಕಾರ. ಮಕ್ಕಳು ದೆವ್ವ ಭೂತಗಳ ವೇಷ ಹಾಕಿ ಮನೆಮನೆಗೆ ಹೋಗಿ ಸಿಹಿ ಕೇಳುವ ಹಬ್ಬ, ಅಕ್ಟೋಬರ್ 31ರ ಹ್ಯಾಲೋವೀನ್, ಹತ್ತಿರ ಬಂತೆಂದರೆ ಅಮೆರಿಕದ ನಮ್ಮ ಕನ್ನಡದ ಮನೆಗಳಲ್ಲಿ ಒಂದೇ ಗಾಬರಿ: ಮಕ್ಕಳ ಪಾರ್ಟಿಗೆ ಏನು ಮಾಡುವುದು? ಸಿಹಿಯ ಚಿಂತೆ ಬಿಡಿ. ಬೀದಿ ಸುತ್ತಿ ಬರುವ ಮಕ್ಕಳ ಚೀಲದಲ್ಲಿ ತಿಂಗಳಿಗಾಗುವಷ್ಟು ಚಾಕೊಲೇಟ್ ಇರುತ್ತದೆ. ಅವರಿಗೆ ಬೇಕಾದದ್ದು ಉಪ್ಪು ಖಾರದ ತಿಂಡಿ. ಅದು ದೆವ್ವದ ಹಾಗೆ ಕಾಣಬೇಕಾದರೆ ನೀವು ಶಿಲ್ಪಿಗಳಾಗಬೇಕಿಲ್ಲ. ಎರಡು ಕಣ್ಣು ಇಡಿ, ಸಾಕು.

ಈ ವಿದ್ಯೆ ನಮಗೇನು ಹೊಸದೇ? ಕಟ್ಟುತ್ತಿರುವ ಮನೆಯ ಮುಂದೆ ಬೂದುಗುಂಬಳಕ್ಕೆ ಕಣ್ಣು, ಮೀಸೆ, ಕೋರೆಹಲ್ಲು ಬರೆದು ತೂಗುಹಾಕುವವರು ನಾವು. ಹ್ಯಾಲೋವೀನಿಗೆ ಐರ್ಲೆಂಡಿನವರು ಟರ್ನಿಪ್ ಗೆಡ್ಡೆ ಕೊರೆದು ಮುಖ ಮಾಡುತ್ತಿದ್ದರು; ಅಮೆರಿಕಕ್ಕೆ ಬಂದ ಮೇಲೆ ಕುಂಬಳಕಾಯಿ ಸಿಕ್ಕಿತು.

ಹೋದ ವರ್ಷ ನನ್ನ ಅಡುಗೆ ತರಗತಿಗೆ ಬರುವ ಒಬ್ಬರ ಮನೆಗೆ ಹೋಗಿದ್ದೆ. ಆಕೆ ಮೊಬೈಲಿನಲ್ಲಿ ಚಿತ್ರ ನೋಡಿಕೊಂಡು ಬ್ರೆಡ್ಡಿನ ಶವಪೆಟ್ಟಿಗೆ, ಬಿಸ್ಕತ್ತಿನ ಗೋರಿ, ಕಪ್ಪು ಬಣ್ಣ ಹಾಕಿದ ಪಾಸ್ತಾ ಎಲ್ಲ ಮಾಡಿ ಸುಸ್ತಾಗಿ ಕುಳಿತಿದ್ದರು. ಒಂದು ಮಗುವೂ ಮುಟ್ಟಲಿಲ್ಲ. ಹಾಸನದಿಂದ ಬಂದಿದ್ದ ಅವರ ಅತ್ತೆ ಮೇಜನ್ನು ನೋಡಿ, "ಪಿತೃಪಕ್ಷ ಮುಗಿಯಿತಲ್ಲಮ್ಮ, ಮತ್ತೆ ಯಾರಿಗೆ ಈ ಎಡೆ?" ಎಂದರು. ರಾತ್ರಿಯ ಊಟಕ್ಕೆಂದು ಆ ಅಜ್ಜಿ ಪುಟ್ಟ ಇಡ್ಲಿ ಬೇಯಿಸಿಟ್ಟಿದ್ದರು. ಮೊಮ್ಮಗಳು ಕಪ್ಪು ಆಲಿವ್ ಕಾಯಿಯ ಬಿಲ್ಲೆಗಳನ್ನು ತಂದು ಒಂದೊಂದು ಇಡ್ಲಿಯ ನಡುವೆ ಒಂದೊಂದು ಒತ್ತಿದಳು. ಅಜ್ಜಿಗೂ ಹುರುಪು ಬಂತು. ಕೆಂಪು ಚಟ್ನಿಯಲ್ಲಿ ಕಡ್ಡಿ ಅದ್ದಿ ಸುತ್ತಲೂ ರಕ್ತನಾಳ ಎಳೆದರು. ತಟ್ಟೆ ತುಂಬ ಕಿತ್ತಿಟ್ಟ ಕಣ್ಣುಗುಡ್ಡೆಗಳು! ಮಕ್ಕಳು ಕಿರುಚಿದರು, ಓಡಿದರು, ವಾಪಸು ಬಂದು ತಿಂದರು. "ರಾಮ ರಾಮ, ಕಣ್ಣು ತಿನ್ನುತ್ತಿವೆಯಲ್ಲ ಇವು" ಎನ್ನುತ್ತಲೇ ಅಜ್ಜಿ ಇನ್ನೊಂದು ಒಬ್ಬೆ ಹಬೆಗೆ ಇಟ್ಟರು. ಶವಪೆಟ್ಟಿಗೆ ಅಲ್ಲೇ ಒಣಗುತ್ತಿತ್ತು. ಆದ್ದರಿಂದ ಬೇಡಿಕೊಳ್ಳುತ್ತೇನೆ, ಗೋರಿ ಕಟ್ಟುವುದನ್ನು ನಿಲ್ಲಿಸಿ. ಕಣ್ಣು ಇಡಿ.

ಸಮಯ ಓಡುತ್ತಿದೆ, ಮಮ್ಮಿ ಹೇಳಿಬಿಡುತ್ತೇನೆ. ಈಜಿಪ್ಟಿನ ಮಮ್ಮಿ, ನಿಮ್ಮನ್ನಲ್ಲ. ಪನೀರನ್ನು ಬೆರಳುದ್ದ ಕತ್ತರಿಸಿ ಉಪ್ಪು, ಖಾರದಪುಡಿ ಸವರಿ. ಫ್ರೀಜರಿನ ಪಫ್ ಪೇಸ್ಟ್ರಿ ಹಾಳೆಯನ್ನು 40 ನಿಮಿಷ ಹೊರಗಿಟ್ಟು, ತೆಳುವಾದ ಪಟ್ಟಿಗಳನ್ನು ಮಾಡಿ, ಪನೀರಿಗೆ ಅಡ್ಡಾದಿಡ್ಡಿ ಸುತ್ತಿ. ನೀಟಾಗಿ ಸುತ್ತಿದರೆ ಚೆನ್ನಾಗಿರುವುದಿಲ್ಲ. ಮುಖಕ್ಕೆ ಒಂದಿಷ್ಟು ಜಾಗ ಬಿಡಿ. 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾದ ಓವನ್ನಿನಲ್ಲಿ 15ರಿಂದ 20 ನಿಮಿಷ, ಹೊಂಬಣ್ಣ ಬರುವವರೆಗೆ. ಕಣ್ಣು ಇಡುವುದು ಹೊರತೆಗೆದ ಮೇಲೆ. ಮೊದಲೇ ಇಟ್ಟರೆ ಕೆನ್ನೆಗೆ ಜಾರುತ್ತದೆ.

ಕಿತ್ತಳೆ ಬಣ್ಣದ ದೊಣ್ಣೆಮೆಣಸಿನಕಾಯಿಗೆ ಕಣ್ಣು, ಬಾಯಿ ಕೊರೆದು ಚಿತ್ರಾನ್ನ ತುಂಬಿ. ಮೊಟ್ಟೆ ತಿನ್ನುವವರು ಬೇಯಿಸಿದ ಮೊಟ್ಟೆಯ ಚಿಪ್ಪನ್ನು ಸುಲಿಯದೆ, ಬಿರುಕು ಬಿಡುವಷ್ಟು ಮಾತ್ರ ತಟ್ಟಿ, ಬೀಟ್‌ರೂಟ್ ಬೇಯಿಸಿದ ನೀರಿನಲ್ಲಿ ಮುಳುಗಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸುಲಿದರೆ ಮೈಮೇಲೆ ಜೇಡರ ಬಲೆ. ಇದೊಂದಕ್ಕೆ ಕಣ್ಣು ಬೇಡ. ಇಟ್ಟರೂ ನಾನು ಬೇಡವೆನ್ನುವುದಿಲ್ಲ.

ಆಲಿವ್ ಎರಡು ಡಬ್ಬಿ ತನ್ನಿ. ಕಣ್ಣು ಇಡಲು ಕುಳಿತ ಮಕ್ಕಳು ಒಂದು ಡಬ್ಬಿಯನ್ನು ಅಲ್ಲೇ ಖಾಲಿ ಮಾಡಿರುತ್ತಾರೆ. ನಮಸ್ಕಾರ.