ಅಘನಾಶಿನಿಯ ನೀರು ವ್ಯರ್ಥವಲ್ಲ

ಕೇಳುಗರೇ, ನಮಸ್ಕಾರ. "ನದಿ ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥವಾಗ್ತಿದೆ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ಹೀಗೆನ್ನುವವರು ಒಮ್ಮೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗಕ್ಕೆ, ಬರಬೇಕು.

ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿಯ ಹತ್ತಿರ ಅರಬ್ಬಿ ಸಮುದ್ರ ಸೇರುವ ಹೊಳೆ ಇದು. ದೊಡ್ಡ ಅಣೆಕಟ್ಟು ಒಂದೂ ಇಲ್ಲ.

ಮಾಣಿಕಟ್ಟಾದ ಗಜನಿಗೆ ಹೋಗಿದ್ದೆ. ಗಜನಿ ಎಂದರೆ ಅಳಿವೆಯ ಅಂಚಿನ ತಗ್ಗುಗದ್ದೆ, ಉಪ್ಪುನೀರು ನುಗ್ಗುವ ಜಾಗ. ಆಗಷ್ಟೇ ಮಳೆ ಹಿಡಿದಿತ್ತು. ಹಿರಿಯ ರೈತರೊಬ್ಬರು ಒಡ್ಡಿನಿಂದ ಕೆಳಗಿಳಿದು, ಬೊಗಸೆಯಲ್ಲಿ ಗದ್ದೆಯ ನೀರೆತ್ತಿ ನಾಲಿಗೆಗೆ ತಾಗಿಸಿ ಉಗುಳಿದರು. "ಉಪ್ಪು ಇನ್ನೂ ಹೋಗ್ಲಿಲ್ಲ. ಹೊಳೆ ನೀರು ಬರ್ಬೇಕು" ಅಂದರು. ಉಪ್ಪು ತೊಳೆದುಹೋದ ಮೇಲೆಯೇ ಅವರು ಮೊಳಕೆ ಬರಿಸಿದ ಕಗ್ಗ ಎಂಬ ಇಲ್ಲಿನ ತಳಿಯ ಭತ್ತ ಬಿತ್ತುವುದು. ಆಮೇಲೆ ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆ ಬಂದು ಮುಳುಗಿದರೂ ಕಗ್ಗ ತಡೆದುಕೊಳ್ಳುತ್ತದೆ. ಕೊಯ್ಲಿಗೆ ತೆನೆ ಮಾತ್ರ. ಹುಲ್ಲು ಯಾಕೆ ಬಿಡ್ತೀರಿ ಅಂತ ಕೇಳಿದೆ. "ಹುಲ್ಲಿದ್ರೆ ಶೆಟ್ಲಿ ಬರ್ತದಲ್ರಾ!" ಅಂದರು. ಶೆಟ್ಲಿ ಎಂದರೆ ಸಿಗಡಿ. ಕೊಯ್ಲಾದ ಮೇಲೆ ಭರತದ, ಅಂದರೆ ಸಮುದ್ರ ಉಕ್ಕುವ ಹೊತ್ತಿನ, ನೀರು ಒಳಗೆ ಬಿಡುತ್ತಾರೆ. ಕೊಳೆತ ಹುಲ್ಲಿನ ನಡುವೆ ಮೀನು, ಸಿಗಡಿ ಬೆಳೆಯುತ್ತವೆ. ಒಂದೇ ಗದ್ದೆ, ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು. ಹೊಳೆಯ ನೀರು ಸಮುದ್ರದವರೆಗೆ ಬಂದರೆ ಮಾತ್ರ ಇದೆಲ್ಲ. ಈಗ ಹೇಳಿ, ಯಾವುದು ವ್ಯರ್ಥ?

ಹೊತ್ತು ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ತಿನ್ನುವ ಚಿಪ್ಪುಜೀವಿ ಹೆಕ್ಕುತ್ತಾರೆ. ಬಳಚಿಗೆ ಬರೀ ಸಿಹಿನೀರೂ ಆಗದು, ಬರೀ ಉಪ್ಪೂ ಆಗದು. ಎರಡೂ ಹದವಾಗಿ ಬೆರೆಯಬೇಕು. ಪಕ್ಕದ ಶರಾವತಿಯನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಬರತೊಡಗಿತು, ಅಳಿವೆಯ ಉಪ್ಪಿನ ಹದ ಕೆಟ್ಟಿತು, ಬಳಚು ಹೋಯಿತು. ಹೊಳೆಗೆ ನೀರೆಷ್ಟು ಎಂಬುದಷ್ಟೇ ಅಲ್ಲ, ಯಾವಾಗ ಎಂಬುದೂ ಮುಖ್ಯ.

2024ರಲ್ಲಿ ಈ ಅಳಿವೆಗೆ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮನ್ನಣೆ, ಸಿಕ್ಕಿದೆ. ಈಗ ಇದೇ ಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ನಡೆದಿದೆ. ಆ ಮಾತಾಡುವವರು ಮೊದಲು ಗಜನಿಯ ರೈತರನ್ನೂ ಬಳಚು ಹೆಕ್ಕುವ ಅಕ್ಕಂದಿರನ್ನೂ ಕೂರಿಸಿಕೊಂಡು ಕೇಳಲಿ. ನಮಸ್ಕಾರ.